ಜೀಪಿನ ಹಿಂದಿನ ಪುಟ್ಟ ಬಂಡಿ

ಎರಡನೆಯ ಮಹಾಯುದ್ಧದ ಕಥೆಗಳಲ್ಲಿ ಜೀಪಿನ ಹೆಸರನ್ನು ಕೇಳದ ವಾಚಕರು ವಿರಳ. ಆದರೆ ಆ ಜೀಪಿನ ಹಿಂಬದಿಯ ಕೊಂಡಿಗೆ ಸಿಕ್ಕಿಕೊಂಡು, ಕೆಸರೆನ್ನದೆ ಕಲ್ಲೆನ್ನದೆ ಕುಪ್ಪಳಿಸುತ್ತ ಸಾಗಿದ ಎರಡು ಚಕ್ರದ ಸಾಮಾನುಬಂಡಿಯನ್ನು ನೆನೆಯುವವರು ಇನ್ನೂ ವಿರಳ. ಮದ್ದುಗುಂಡಿನ ಪೆಟ್ಟಿಗೆ, ಆಹಾರದ ಡಬ್ಬ, ನೀರಿನ ಪೀಪಾಯಿ, ತಂತಿಯ ಸುರುಳಿ ಮೊದಲಾಗಿ ಜೀಪಿನೊಳಗೆ ಹಿಡಿಸದ ಸಮಸ್ತವನ್ನೂ ಹೊತ್ತದ್ದು ಈ ಟ್ರೇಲರು. ಯುದ್ಧ ಮುಗಿದು ಎಂಬತ್ತು ವರ್ಷಗಳು ಸಂದ ಮೇಲೂ ಅಮೆರಿಕ, ಯೂರೋಪುಗಳ ಹೊಲಮನೆಗಳ ಕೊಟ್ಟಿಗೆಗಳಲ್ಲಿ ಅಂಥ ಬಂಡಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅವುಗಳಲ್ಲಿ ಒಂದನ್ನು ಮನೆಗೆ ತಂದು, ತಿಂಗಳುಗಟ್ಟಲೆ ದುಡಿದು, ಮತ್ತೆ ರಸ್ತೆಗಿಳಿಸುವ ಹವ್ಯಾಸಿಗಳು ಆ ದೇಶಗಳಲ್ಲಿ ಇದ್ದಾರೆ.

ತುಕ್ಕು ಹಿಡಿದ ಕಬ್ಬಿಣಕ್ಕೆ ಇಷ್ಟೊಂದು ಉಪಚಾರವೇಕೆ ಎಂದು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಈ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಪಾಠಪುಸ್ತಕದಲ್ಲಿ ನಾವು ಬಿಡಿಬಿಡಿಯಾಗಿ ಓದಿದ ಸಂಗತಿಗಳೆಲ್ಲ ಒಂದೇ ಬಂಡಿಯ ಸುತ್ತ ಬಂದು ನಿಂತಿರುವುದು ಕಾಣುತ್ತದೆ. ಆರ್ಕಿಮಿಡೀಸನ ತತ್ತ್ವ, ಸನ್ನೆಯ ನಿಯಮ, ವಿದ್ಯುದ್ವಿಶ್ಲೇಷಣೆ, ಲೋಹದ ವ್ಯಾಕೋಚನ ಎಲ್ಲವೂ ಇಲ್ಲಿವೆ. ಅವು ಪರೀಕ್ಷೆಯ ಅಂಕಗಳಿಗಾಗಿ ಇರುವುದಲ್ಲ. ಅವುಗಳಲ್ಲಿ ಒಂದನ್ನು ಮರೆತವನು ಕೈಯನ್ನೋ ಕಣ್ಣನ್ನೋ, ಕೆಲವೊಮ್ಮೆ ಪ್ರಾಣವನ್ನೋ ಕಳೆದುಕೊಳ್ಳಬಹುದು.

ಬಂಡಿಯ ಹುಟ್ಟು

1940ರ ಜುಲೈ ತಿಂಗಳಿನಲ್ಲಿ ಅಮೆರಿಕದ ಸೇನೆಯು ಹಗುರವಾದ, ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಗಾಡಿಯೊಂದು ಬೇಕೆಂದು 135 ಕಂಪನಿಗಳಿಗೆ ಕರೆ ಕಳುಹಿಸಿತು. ಮೊದಲ ಮಾದರಿಯನ್ನು 49 ದಿನಗಳೊಳಗೆ ತಂದೊಪ್ಪಿಸಬೇಕೆಂಬುದು ಷರತ್ತು. ಆ ಗಡುವಿಗೆ ಒಪ್ಪಿ, ಒಪ್ಪಿದಂತೆ ನಡೆದುಕೊಂಡದ್ದು ಪೆನ್ಸಿಲ್ವೇನಿಯದ ಬಟ್ಲರ್ ಪಟ್ಟಣದ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಾರು ಕಂಪನಿ. ಕಾರ್ಲ್ ಪ್ರಾಬ್ಸ್ಟ್ ಎಂಬ ಇಂಜಿನಿಯರು ನಕ್ಷೆ ಬರೆದ ಆ ಗಾಡಿಯು ಅದೇ ವರ್ಷದ ಸೆಪ್ಟೆಂಬರ್ 23ರಂದು ಮೇರಿಲೆಂಡಿನ ಹೋಲಬರ್ಡ್ ಸೇನಾನೆಲೆಯನ್ನು ತಲುಪಿತು. ಜೀಪಿನ ವಂಶಕ್ಕೆ ಅದೇ ಮೂಲಪುರುಷ.

ಆದರೆ ಹೆತ್ತವಳೊಬ್ಬಳು, ಸಾಕಿದವರು ಬೇರೆ ಎಂಬಂತಾಯಿತು. ಸೇನೆಗೆ ಬೇಕಾದ ಪ್ರಮಾಣದಲ್ಲಿ ತಯಾರಿಸುವ ಶಕ್ತಿ ಆ ಸಣ್ಣ ಕಾರ್ಖಾನೆಗೆ ಇಲ್ಲವೆಂದು ಬಗೆದು, ದೊಡ್ಡ ಬೇಡಿಕೆಗಳನ್ನು ವಿಲ್ಲೀಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳಿಗೆ ಕೊಡಲಾಯಿತು. ಅವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು; ಬ್ಯಾಂಟಮ್ ಮಾಡಿದವು ಮೂರು ಸಾವಿರಕ್ಕೂ ಕಡಮೆ. ಅನಂತರ ಬ್ಯಾಂಟಮ್ ಕಂಪನಿಯ ಪಾಲಿಗೆ ಬಂದ ಕೆಲಸಗಳಲ್ಲಿ ಮುಖ್ಯವಾದುದು ಜೀಪಿನ ಹಿಂದೆ ಓಡುವ ಈ ಟ್ರೇಲರಿನ ತಯಾರಿಕೆ. ವಿಲ್ಲೀಸ್ ಕಂಪನಿಯೂ ಅದೇ ಬಗೆಯ ಟ್ರೇಲರುಗಳನ್ನು ಮಾಡಿತು.

ಸೇನೆಯ ಲೆಕ್ಕದಲ್ಲಿ ಇದು ಕಾಲು ಟನ್ನಿನ ಟ್ರೇಲರು. ಅಮೆರಿಕದ ಟನ್ನು 2,000 ಪೌಂಡಾದುದರಿಂದ ಇದರ ಹೊರೆ 500 ಪೌಂಡು, ಎಂದರೆ ಸುಮಾರು 227 ಕಿಲೋಗ್ರಾಂ. ಬರಿಯ ಬಂಡಿಯ ತೂಕವೇ ಸುಮಾರು 550 ಪೌಂಡು. ಉಕ್ಕಿನ ತಗಡಿನ ತೊಟ್ಟಿ, ಅದರಡಿಗೆ ಉಕ್ಕಿನ ಚೌಕಟ್ಟು, ಒಂದೇ ಅಚ್ಚು, ಎರಡು ಕಮಾನುಪಟ್ಟಿಗಳು, ಮುಂದುಗಡೆ ಕೊಂಡಿಗೆ ಸಿಕ್ಕಿಸುವ ದಪ್ಪನೆಯ ಬಳೆ, ಜೀಪಿನಿಂದ ಬಿಡಿಸಿದಾಗ ಬಂಡಿ ಮುಗ್ಗರಿಸದಂತೆ ಒಂದು ಊರೆಗಾಲು, ಇಷ್ಟೇ ಇದರ ಸಂಸಾರ. ಚಕ್ರ, ಟೈರುಗಳು ಮಾತ್ರ ಜೀಪಿನವೇ. ನಡುದಾರಿಯಲ್ಲಿ ಜೀಪಿನ ಚಕ್ರ ಕೆಟ್ಟರೆ ಬಂಡಿಯ ಚಕ್ರವನ್ನು ಕಳಚಿ ಅದಕ್ಕೆ ಹಾಕಬಹುದು. ಯುದ್ಧಕಾಲದ ವಿನ್ಯಾಸದಲ್ಲಿ ಇಂಥ ಮಿತವ್ಯಯ ಹೆಜ್ಜೆಹೆಜ್ಜೆಗೂ ಕಾಣುತ್ತದೆ.

ತೇಲುವ ತೊಟ್ಟಿ

ಈ ಟ್ರೇಲರಿನ ಒಂದು ವಿಶೇಷವನ್ನು ಇಲ್ಲಿಯೇ ಹೇಳಬೇಕು. ಇದರ ತೊಟ್ಟಿಗೆ ನೀರು ನುಸುಳುವುದಿಲ್ಲ. ಹೊಳೆಯನ್ನು ದಾಟುವಾಗ ಇದು ದೋಣಿಯಂತೆ ತೇಲುತ್ತದೆ. ಕಬ್ಬಿಣದ ಬಂಡಿ ತೇಲುವುದೆಂದರೆ ಸೋಜಿಗವೇ? ಲೆಕ್ಕ ಹಾಕಿ ನೋಡೋಣ. ತೊಟ್ಟಿಯು ಸುಮಾರು 6 ಅಡಿ ಉದ್ದ, 3 ಅಡಿ ಅಗಲ, ಒಂದೂವರೆ ಅಡಿ ಆಳವೆಂದು ಇಟ್ಟುಕೊಂಡರೆ ಅದರ ಗಾತ್ರ 27 ಘನ ಅಡಿ. ಹೊರೆ ಸಹಿತ ಬಂಡಿಯ ತೂಕ 1,050 ಪೌಂಡು. ಒಂದು ಘನ ಅಡಿ ನೀರಿನ ತೂಕ ಸುಮಾರು 62.4 ಪೌಂಡು. ಹೀಗಾಗಿ ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಲು ಬಂಡಿಯು ಸುಮಾರು 17 ಘನ ಅಡಿಯಷ್ಟು ಮುಳುಗಿದರೆ ಸಾಕು. ಉಳಿದ 10 ಘನ ಅಡಿ ನೀರಿನ ಮೇಲೆಯೇ ಇರುತ್ತದೆ.

ನೀರನ್ನು ಒಳಗೆ ಬಿಡದ ತೊಟ್ಟಿ ಒಳಗಿನ ನೀರನ್ನು ಹೊರಕ್ಕೂ ಬಿಡದು. ಅದಕ್ಕಾಗಿಯೇ ತಳದಲ್ಲಿ ನೀರು ಬಸಿಯಲು ಬಿರಡೆಗಳನ್ನು ಇಟ್ಟಿದ್ದರು. ಯುದ್ಧಾನಂತರ ಬಂಡಿಯನ್ನು ಕೊಂಡ ರೈತನಿಗೆ ಬಿರಡೆಯ ಗೊಡವೆ ಇರಲಿಲ್ಲ. ಮುಚ್ಚಿದ ಬಿರಡೆಯ ಮೇಲೆ ಮಳೆ ಸುರಿಯಿತು, ಎಲೆಕಸ ಕೊಳೆಯಿತು. ತೊಟ್ಟಿ ಕಂಠಪೂರ್ತಿ ತುಂಬಿದರೆ ಒಳಗಿನ ನೀರು 1,685 ಪೌಂಡು ತೂಗುತ್ತದೆ. ಬಂಡಿ ಹೊರಬೇಕಾದ ಹೊರೆಯ ಮೂರು ಪಟ್ಟಿಗೂ ಮಿಕ್ಕು. ಯಾವ ಗುಣದಿಂದ ಬಂಡಿಯು ಹೊಳೆಯನ್ನು ದಾಟಿತೋ ಅದೇ ಗುಣ ಕೊಟ್ಟಿಗೆಯ ಹಿತ್ತಲಲ್ಲಿ ಅದರ ತಳವನ್ನು ತಿಂದು ಹಾಕಿತು.

ಮೊದಲು ಕಣ್ಣು, ಆಮೇಲೆ ಕೈ

ಈಗ ಅಂಥ ಒಂದು ಬಂಡಿಯ ಮುಂದೆ ನಾವು ನಿಂತಿರುವೆವೆಂದು ಭಾವಿಸೋಣ. ತಂತಿಯ ಬ್ರಷ್ಷನ್ನು ಕೈಗೆತ್ತಿಕೊಂಡು ಉಜ್ಜತೊಡಗಬೇಕೆಂಬ ಆತುರ ಯಾರಿಗೂ ಹುಟ್ಟುತ್ತದೆ. ಅನುಭವಿಗಳು ಮೊದಲ ದಿನ ಯಾವ ಆಯುಧವನ್ನೂ ಮುಟ್ಟುವುದಿಲ್ಲ. ಪ್ರತಿಯೊಂದು ಮೂಲೆಯ ಚಿತ್ರ ತೆಗೆಯುತ್ತಾರೆ. ಪ್ರತಿಯೊಂದು ಬೋಲ್ಟು ಎಲ್ಲಿತ್ತೆಂದು ಬರೆದಿಡುತ್ತಾರೆ. ತಯಾರಕರ ಹೆಸರು, ಕ್ರಮಸಂಖ್ಯೆಗಳಿರುವ ಪುಟ್ಟ ಫಲಕ ಉಳಿದಿದೆಯೇ ಎಂದು ಹುಡುಕುತ್ತಾರೆ.

ಬಳಿಕ ಬಣ್ಣದ ಪರೀಕ್ಷೆ. ಒಂದು ಅಂಗೈಯಗಲದ ಜಾಗದಲ್ಲಿ ಅತಿ ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ತೋಯಿಸಿ ಮೆಲ್ಲಮೆಲ್ಲನೆ ಉಜ್ಜಿದರೆ, ಮರದ ಕಾಂಡದ ಬಳೆಗಳಂತೆ ಬಣ್ಣದ ಪದರಗಳು ಒಂದರೊಳಗೊಂದು ತೆರೆದುಕೊಳ್ಳುತ್ತವೆ. ಮೇಲೆ ರೈತನ ಕೆಂಪೋ ನೀಲಿಯೋ. ಅದರಡಿಗೆ ಯುದ್ಧಾನಂತರ ಬಂಡಿಯನ್ನು ಪಡೆದ ಯೂರೋಪಿನ ಯಾವುದೋ ಸೇನೆಯ ಹಸುರು. ಎಲ್ಲಕ್ಕೂ ಕೆಳಗೆ ಅಮೆರಿಕದ ಸೇನೆಯ ಮಂಕು ಆಲಿವ್ ಬಣ್ಣ. ಕೆಲವೊಮ್ಮೆ ಬಿಳಿಯ ನಕ್ಷತ್ರದ ಒಂದು ತುದಿ ಅಥವಾ ಅಂಕಿಯೊಂದರ ಬಾಲ ಎಂಬತ್ತು ವರ್ಷಗಳ ಬಳಿಕ ಬೆಳಕಿಗೆ ಬರುತ್ತದೆ. ಆ ಬಂಡಿ ಎಲ್ಲೆಲ್ಲಿ ತಿರುಗಿತು ಎಂಬುದಕ್ಕೆ ಬೇರೆ ದಾಖಲೆಯೇ ಇಲ್ಲದಿರಬಹುದು. ಮೊದಲ ದಿನವೇ ಎಲ್ಲವನ್ನೂ ಕೆರೆದು ಹಾಕಿದವನು ಓದುವ ಮೊದಲೇ ಪುಸ್ತಕವನ್ನು ಒಲೆಗೆ ಹಾಕಿದಂತೆ.

ಆ ಆಲಿವ್ ಬಣ್ಣಕ್ಕೆ ಹೊಳಪಿಲ್ಲದಿರುವುದಕ್ಕೂ ಕಾರಣವುಂಟು. ನುಣುಪಾದ ಮೈ ಬೆಳಕನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಆಕಾಶದಲ್ಲಿ ಹಾರುವ ಶತ್ರುವಿಗೆ ಅದೊಂದು ಮಿಂಚು ಸಾಕು. ಒರಟಾದ ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುವುದರಿಂದ ಮಿಂಚುವುದಿಲ್ಲ.

ಹಳೆಯ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರುವುದು ಸಾಮಾನ್ಯ. ಸೀಸದ ಧೂಳು ಉಸಿರಿನ ಮೂಲಕ ಒಳಗೆ ಸೇರಿದರೆ ನರಮಂಡಲಕ್ಕೆ ಕೇಡು. ಎಳೆಯ ಮಕ್ಕಳಿಗಂತೂ ಬಹಳ ಅಪಾಯ. ಆದ್ದರಿಂದ ಒಣಗಿದ ಬಣ್ಣವನ್ನು ಹಾಗೆಯೇ ಉಜ್ಜಬಾರದು. ಜಾಗವನ್ನು ತೋಯಿಸಬೇಕು, ತಕ್ಕ ಶೋಧಕವುಳ್ಳ ಮುಖವಾಡ ಧರಿಸಬೇಕು, ಕೆಲಸದ ಬಟ್ಟೆಯಲ್ಲಿ ಮನೆಯೊಳಕ್ಕೆ ಹೋಗಬಾರದು. ಮರಳನ್ನು ಸಿಡಿಸಿ ಬಣ್ಣ ತೆಗೆಯುವ ವಿಧಾನದಲ್ಲಿ ಮರಳಿನ ಧೂಳೇ ಶ್ವಾಸಕೋಶವನ್ನು ಗಟ್ಟಿಯಾಗಿಸುವ ರೋಗಕ್ಕೆ ಕಾರಣವಾಗಬಲ್ಲದು.

ತುಕ್ಕಿನ ಒಳಮರ್ಮ

ತುಕ್ಕೆಂದರೇನು? ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಕೂಡಿ ಆಗುವ ವಸ್ತುವೆಂದು ನಾವೆಲ್ಲರೂ ಓದಿದ್ದೇವೆ. ಅದು ಪುಟ್ಟದೊಂದು ವಿದ್ಯುತ್ಕೋಶದ ಕೆಲಸವೆಂಬುದನ್ನು ಮಾತ್ರ ಹಲವರು ಗಮನಿಸಿರುವುದಿಲ್ಲ. ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿ ನಿಂತಿದೆಯೆನ್ನೋಣ. ಹನಿಯ ಅಂಚಿಗೆ ಗಾಳಿಯಿಂದ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ. ನಡುವಿಗೆ ಅಷ್ಟಾಗಿ ಸಿಗುವುದಿಲ್ಲ. ನಡುವಿನಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತವೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಅಂಚನ್ನು ಸೇರಿ, ಅಲ್ಲಿ ಆಮ್ಲಜನಕಕ್ಕೂ ನೀರಿಗೂ ದಕ್ಕುತ್ತವೆ. ಹೀಗೆ ಆಮ್ಲಜನಕ ಹೆಚ್ಚಿರುವ ಕಡೆಗಿಂತ ಕಡಮೆಯಿರುವ ಕಡೆಯೇ ಲೋಹ ಸವೆಯುತ್ತದೆ. ಕೇಂಬ್ರಿಜಿನ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿ ಇಂಥದೇ ಹನಿಯ ಪ್ರಯೋಗದಿಂದ ಈ ಮರ್ಮವನ್ನು ತೋರಿಸಿದರು.

ಈ ಮರ್ಮವನ್ನು ಬಲ್ಲವನು ಬಂಡಿಯ ಯಾವ ಭಾಗವನ್ನು ಶಂಕಿಸಬೇಕೆಂಬುದನ್ನೂ ಬಲ್ಲ. ಗಾಳಿಗೆ ತೆರೆದ ಪಕ್ಕದ ತಗಡಿನ ತುಕ್ಕು ಕಣ್ಣಿಗೆ ಭೀಕರವಾಗಿ ಕಂಡರೂ ಬಹುಮಟ್ಟಿಗೆ ಮೇಲುಮೇಲಿನದು. ತಳದ ತಗಡಿಗೂ ಚೌಕಟ್ಟಿಗೂ ನಡುವೆ, ಬಳೆಯನ್ನು ಹಿಡಿದ ಭಾಗಗಳ ಸಂದಿಯಲ್ಲಿ, ಕಮಾನುಪಟ್ಟಿಯ ಆಧಾರದ ಮರೆಯಲ್ಲಿ, ಎಂದರೆ ನೀರು ನಿಂತು ಗಾಳಿಯಾಡದ ಕಡೆಯಲ್ಲಿ, ಲೋಹ ಸದ್ದಿಲ್ಲದೆ ತೆಳುವಾಗಿರುತ್ತದೆ. ಅಲ್ಲಿ ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಎರಡು ತಗಡುಗಳನ್ನು ಬೆಣೆಯಂತೆ ಸೀಳಿ ಅಗಲಿಸುವುದೂ ಉಂಟು. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ; ಸವೆದ ಉಕ್ಕು ಒಡಕು ಮಡಕೆಯಂತೆ ಬೊದ್ದಾಗಿ ನುಡಿಯುತ್ತದೆ. ತೊಟ್ಟಿಯ ತಳದಲ್ಲಿ ತೂತಾದರೆ ಸಾಮಾನು ಕೆಳಗೆ ಬಿದ್ದೀತು. ಮುಂದಿನ ತೋಳಿನಲ್ಲಿ ಸೀಳು ಬಿಟ್ಟಿದ್ದರೆ ಬಂಡಿಯೇ ಕಳಚಿ ಎದುರಿನಿಂದ ಬರುವವರ ಮೇಲೆ ಹರಿದೀತು. ಅಂಥ ಸೀಳನ್ನು ನುರಿತ ಬೆಸುಗೆಗಾರನಿಂದಲೇ ಸರಿಪಡಿಸಬೇಕು, ಬಣ್ಣದಡಿಯಲ್ಲಿ ಮುಚ್ಚಿಡಬಾರದು.

ಚಕ್ರದಲ್ಲಡಗಿದ ಸ್ಫೋಟ

ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯಕರವಾದ ಗಳಿಗೆ ನೋಡಲು ತೀರ ಸಾಧಾರಣ: ಚಕ್ರದ ನಟ್ಟುಗಳನ್ನು ಬಿಚ್ಚುವ ಗಳಿಗೆ. ಈ ಬಂಡಿಗಳಲ್ಲಿ ಬಹುಮಟ್ಟಿಗೆ ಕಾಣುವ ‘ಕಾಂಬ್ಯಾಟ್’ ಚಕ್ರಗಳು ಎರಡು ಹೋಳುಗಳನ್ನು ಬೋಲ್ಟುಗಳಿಂದ ಬಿಗಿದು ಮಾಡಿದಂಥವು. ಗುಂಡು ತಗುಲಿ ಗಾಳಿ ಹೋದರೂ ಟೈರು ಚಕ್ರದಿಂದ ಕಳಚದಂತೆ ಅದರ ಅಂಚುಗಳನ್ನು ಒಳಗಿನ ಬಳೆಯೊಂದು ಅದುಮಿ ಹಿಡಿಯುತ್ತದೆ. ಹೀಗಾಗಿ ಈ ಚಕ್ರದಲ್ಲಿ ಎರಡು ಬಗೆಯ ನಟ್ಟುಗಳಿವೆ. ನಡುವಿನ ಐದು ನಟ್ಟುಗಳು ಚಕ್ರವನ್ನು ಅಚ್ಚಿಗೆ ಹಿಡಿದಿಡುತ್ತವೆ. ಅವುಗಳ ಹೊರಸುತ್ತಿನ ನಟ್ಟುಗಳು ಎರಡು ಹೋಳುಗಳನ್ನು ಒಂದಾಗಿ ಹಿಡಿದಿಡುತ್ತವೆ.

ಗಾಳಿ ತುಂಬಿರುವಾಗ ಹೊರಸುತ್ತಿನ ನಟ್ಟುಗಳನ್ನು ಬಿಚ್ಚಿದರೆ ಏನಾಗುತ್ತದೆ? ಟೈರಿನೊಳಗೆ ಚದರಂಗುಲಕ್ಕೆ 30 ಪೌಂಡು ಒತ್ತಡವಿದೆಯೆನ್ನೋಣ. ಟೈರಿನ ಒಂದು ಪಕ್ಕದ ವಿಸ್ತೀರ್ಣ ಸುಮಾರು 400 ಚದರಂಗುಲ. ಆ ಪಕ್ಕವನ್ನು ಹೊರಕ್ಕೆ ನೂಕುವ ಬಲ 12,000 ಪೌಂಡು. ಇದರಲ್ಲಿ ಅರ್ಧವೇ ಚಕ್ರದ ಹೋಳಿನ ಮೇಲೆ ಬಿದ್ದರೂ ಅದು 6,000 ಪೌಂಡು, ಹೊರೆ ತುಂಬಿದ ಇಂಥ ಐದು ಬಂಡಿಗಳ ತೂಕಕ್ಕೂ ಹೆಚ್ಚು. ಕಡೆಯ ನಟ್ಟು ಸಡಿಲಿದ ಕ್ಷಣದಲ್ಲಿ ಉಕ್ಕಿನ ಹೋಳು ಮುಂದೆ ಬಾಗಿ ಕುಳಿತವನ ಎದೆಗೆ ಅಪ್ಪಳಿಸುತ್ತದೆ. ಆದ್ದರಿಂದ ಕವಾಟದ ಒಳತಿರುಳನ್ನು ಕಿತ್ತು, ಗಾಳಿಯೆಲ್ಲ ಹೋಯಿತೆಂದು ಖಚಿತಪಡಿಸಿಕೊಳ್ಳುವವರೆಗೆ ಆ ನಟ್ಟುಗಳಿಗೆ ಕೈ ಹಚ್ಚಲೇಬಾರದು. ತುಕ್ಕು ಕಟ್ಟಿಕೊಂಡ ಕವಾಟದಿಂದ ಗಾಳಿ ಹೊರಬರದೆ ಒಳಗೇ ಉಳಿದಿರಬಹುದೆಂಬುದನ್ನೂ ಮರೆಯಬಾರದು. ಈ ಒಂದು ಪರಿಚ್ಛೇದವನ್ನು ವಾಚಕರು ನೆನಪಿಟ್ಟರೆ ಈ ಲೇಖನದ ಶ್ರಮ ಸಾರ್ಥಕ.

ಬಿಡಿಸುವುದು, ತೊಳೆಯುವುದು

ತುಕ್ಕಿನಿಂದ ಬೆಸೆದುಹೋದ ನಟ್ಟನ್ನು ಬರಿಯ ಬಲದಿಂದ ತಿರುಗಿಸಹೋದರೆ ಬೋಲ್ಟು ಮುರಿಯುತ್ತದೆ. ಇಲ್ಲಿ ನೆರವಿಗೆ ಬರುವುದು ಉಷ್ಣ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ. ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರ್ ಒಳವ್ಯಾಸದ ನಟ್ಟನ್ನು 400 ಡಿಗ್ರಿಗಳಷ್ಟು ಕಾಯಿಸಿದರೆ ಅದರ ರಂಧ್ರವು 0.06 ಮಿಲಿಮೀಟರಿನಷ್ಟು ಅಗಲವಾಗುತ್ತದೆ. ತಲೆಗೂದಲಿನ ದಪ್ಪ ಅದಕ್ಕಿಂತ ಬಹಳ ಬೇರೆಯಲ್ಲ. ಆದರೂ ತುಕ್ಕಿನ ಹಿಡಿತ ಸಡಿಲಲು ಅಷ್ಟು ಸಾಕು. ನಟ್ಟು ಕಾದು ಬೋಲ್ಟು ತಣ್ಣಗಿರಬೇಕು; ಆದ್ದರಿಂದ ನಟ್ಟನ್ನು ಮಾತ್ರ ಬೇಗನೆ ಕಾಯಿಸಬೇಕು. ಎಣ್ಣೆ ಸುರಿದ ಜಾಗಕ್ಕೂ ಟೈರಿನ ಸಮೀಪಕ್ಕೂ ಬೆಂಕಿಯನ್ನು ಒಯ್ಯಬಾರದು.

ಬಿಡಿಸಿದ ಸಣ್ಣ ಭಾಗಗಳ ತುಕ್ಕನ್ನು ತೆಗೆಯಲು ವಿದ್ಯುದ್ವಿಶ್ಲೇಷಣೆಯೊಂದು ಸೊಗಸಾದ ಉಪಾಯ. ಪ್ಲಾಸ್ಟಿಕ್ ತೊಟ್ಟಿಯೊಂದರಲ್ಲಿ ನೀರು ತುಂಬಿ, ಹತ್ತು ಲೀಟರಿಗೆ ಎರಡು ಮೂರು ದೊಡ್ಡ ಚಮಚದಷ್ಟು ವಾಷಿಂಗ್ ಸೋಡವನ್ನು ಕರಗಿಸುತ್ತಾರೆ. ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ತುಂಬುವ ಯಂತ್ರದ ಋಣ ತುದಿಗೂ, ಬೇಡವಾದ ಸಾಧಾರಣ ಉಕ್ಕಿನ ತುಂಡನ್ನು ಧನ ತುದಿಗೂ ಸೇರಿಸಿ, ಎರಡೂ ಒಂದನ್ನೊಂದು ಮುಟ್ಟದಂತೆ ನೀರಿನಲ್ಲಿ ಇಳಿಬಿಡುತ್ತಾರೆ. ವಿದ್ಯುತ್ತು ಹರಿದಂತೆ ತುಕ್ಕಿನ ಭಾಗದ ಮೈಯಲ್ಲಿ ಜಲಜನಕದ ಗುಳ್ಳೆಗಳೆದ್ದು ತುಕ್ಕಿನ ಪದರವನ್ನು ಸಡಿಲಿಸುತ್ತವೆ. ತುಕ್ಕಿನ ಸ್ವಲ್ಪ ಅಂಶ ಕಪ್ಪು ಆಕ್ಸೈಡಾಗಿ ಮಾರ್ಪಡುತ್ತದೆ. ಆದರೆ ಹೋದ ಕಬ್ಬಿಣ ಮರಳಿ ಬರುವುದಿಲ್ಲ. ಉಳಿದ ಕಬ್ಬಿಣ ಹಾನಿಯಿಲ್ಲದೆ ಹೊರಬರುತ್ತದೆ, ಅಷ್ಟೆ.

ಇದಕ್ಕೂ ನಿಯಮಗಳುಂಟು. ಜಲಜನಕವು ಗಾಳಿಯೊಡನೆ ಬೆರೆತು ಸಿಡಿಯಬಲ್ಲದಾದುದರಿಂದ ಕೆಲಸ ಬಯಲಿನಲ್ಲಿ ನಡೆಯಬೇಕು. ತಂತಿಯನ್ನು ಕಳಚುವ ಮೊದಲು ವಿದ್ಯುತ್ತನ್ನು ನಿಲ್ಲಿಸಬೇಕು. ಧನ ತುದಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕನ್ನು ಹಾಕಿದರೆ ಅದರ ಕ್ರೋಮಿಯಂ ವಿಷಕರವಾದ ರೂಪದಲ್ಲಿ ನೀರಿಗಿಳಿಯುತ್ತದೆ. ಸೋಡದ ಬದಲು ಅಡಿಗೆಯ ಉಪ್ಪನ್ನು ಹಾಕಿದರೆ ಕ್ಲೋರಿನ್ ಅನಿಲ ಹುಟ್ಟಬಹುದು. ಕಮಾನುಪಟ್ಟಿಗಳನ್ನಂತೂ ಈ ತೊಟ್ಟಿಗೆ ಇಳಿಸಲೇಬಾರದು. ಗಡುಸಾದ ಸ್ಪ್ರಿಂಗು ಉಕ್ಕಿನೊಳಗೆ ಜಲಜನಕ ನುಸುಳಿದರೆ ಉಕ್ಕು ಪೆಡಸಾಗಿ, ಮುಂದೊಮ್ಮೆ ಹೊರೆ ಬಿದ್ದಾಗ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಅವನ್ನು ಬ್ರಷ್ಷಿನಿಂದ ಉಜ್ಜಿಯೇ ಶುಚಿಮಾಡಬೇಕು. ಅಚ್ಚಿನ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಉರುಳೆಗಳ ಮೈಯಲ್ಲಿ ಗುಳಿ ಬಿದ್ದಿಲ್ಲವೆಂದು ನೋಡಿ, ಹೊಸ ಗ್ರೀಸು ತುಂಬುತ್ತಾರೆ. ಗುಳಿ ಬಿದ್ದಿದ್ದರೆ ಹೊಸತೇ ಬೇಕು.

ಮೂಕಿ ಏಳದಿರಲಿ

ಎತ್ತಿನ ಬಂಡಿ ಹೊಡೆದವರಿಗೆ ಇದು ಗೊತ್ತಿರುವ ಮಾತು: ಹೇರು ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಒಂದೇ ಅಚ್ಚಿನ ಟ್ರೇಲರಿಗೂ ಅದೇ ನ್ಯಾಯ. ಒಟ್ಟು ತೂಕದ ಸುಮಾರು ಹತ್ತರಲ್ಲೊಂದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳುವಂತೆ ಹೇರುವುದು ರೂಢಿ. ಕೊಂಡಿಯಿಂದ ಅಚ್ಚಿಗೆ 72 ಅಂಗುಲ ದೂರವೆಂದು ಭಾವಿಸಿದರೆ, ಸನ್ನೆಯ ನಿಯಮದಂತೆ ಬಂಡಿಯ ಗುರುತ್ವಕೇಂದ್ರವು ಅಚ್ಚಿಗಿಂತ ಏಳಂಗುಲದಷ್ಟು ಮಾತ್ರ ಮುಂದಿರಬೇಕು. ಅದು ಅಚ್ಚಿನ ಹಿಂದೆ ಸರಿದರೆ ವೇಗವಾಗಿ ಸಾಗುವಾಗ ಬಂಡಿಯು ಎಡಬಲಕ್ಕೆ ಬಾಲದಂತೆ ಬೀಸತೊಡಗಿ, ಎಳೆಯುವ ಗಾಡಿಯನ್ನೇ ದಾರಿ ತಪ್ಪಿಸುತ್ತದೆ.

ಇದರ ಕೈತಡೆ ನಿಲ್ಲಿಸಿದ ಬಂಡಿಯನ್ನು ಹಿಡಿದಿಡಲು ಮಾತ್ರ. ಓಟದಲ್ಲಿ ಬಂಡಿಯ ಜಗ್ಗನ್ನೆಲ್ಲ ಮುಂದಿನ ಗಾಡಿಯೇ ತಡೆಯಬೇಕು. ಗಂಟೆಗೆ 30 ಮೈಲಿಯಿಂದ 60 ಮೈಲಿಗೆ ಏರಿದರೆ ವೇಗ ಇಮ್ಮಡಿ, ತಡೆಯಬೇಕಾದ ಚಲನಶಕ್ತಿ ನಾಲ್ಮಡಿ. ದೀಪದ ವಿಷಯವೂ ಇಂಥದೇ. ಯುದ್ಧಕಾಲದ ಜೀಪಿನದು 6 ವೋಲ್ಟಿನ ವಿದ್ಯುತ್ತು. ಇಂದಿನ ಕಾರಿನದು 12 ವೋಲ್ಟು. ತಂತುವಿನ ರೋಧ ಬದಲಾಗದೆ ಇದ್ದರೆ, ವೋಲ್ಟೇಜು ಇಮ್ಮಡಿಯಾದಾಗ ಬಲ್ಬಿಗೆ ಹರಿಯುವ ಸಾಮರ್ಥ್ಯವೂ ನಾಲ್ಮಡಿ. ಕಾದ ತಂತುವಿನ ರೋಧ ಏರುವುದರಿಂದ ಲೆಕ್ಕ ಸ್ವಲ್ಪ ತಗ್ಗೀತು, ಬಲ್ಬಂತೂ ಉಳಿಯದು. ಬಲ್ಬನ್ನು ಬದಲಿಸದೆ ತಂತಿ ಸೇರಿಸಿದವನ ಬಂಡಿಗೆ ಕತ್ತಲಲ್ಲಿ ಹಿಂದೀಪವೇ ಇಲ್ಲದಂತಾಗುತ್ತದೆ.

ಎಷ್ಟು ಹೊಸತು, ಎಷ್ಟು ಹಳತು?

ಎಲ್ಲ ಜೋಡಣೆಯೂ ಮುಗಿದ ಮೇಲೆ ಸೋರುವಿಕೆಯ ಪರೀಕ್ಷೆ. ಬಿರಡೆ ಮುಚ್ಚಿ, ಊರೆಗಾಲಿನ ಮೇಲೆ ಬಂಡಿಯನ್ನು ಭದ್ರವಾಗಿ ನಿಲ್ಲಿಸಿ, ತೊಟ್ಟಿಯಲ್ಲಿ ಮೂರಂಗುಲ ನೀರು ನಿಲ್ಲಿಸಿದರೆ ಅದರ ತೂಕ ಸುಮಾರು 280 ಪೌಂಡು. ಬಂಡಿಯ ಶಕ್ತಿಯೊಳಗಿನ ಹೊರೆ. ಕೆಳಗೆ ಒಣ ಕಾಗದ ಹಾಸಿ ಒಂದು ರಾತ್ರಿ ಬಿಟ್ಟರೆ, ಯಾವ ಬೆಸುಗೆ ಸೋರುತ್ತದೆಂಬುದನ್ನು ಕಾಗದವೇ ಹೇಳುತ್ತದೆ. ಬೆಳಗ್ಗೆ ಬಿರಡೆಗಳನ್ನು ತೆಗೆಯುವುದನ್ನು ಮರೆಯಬಾರದು.

ಕಡೆಗೆ ಉಳಿಯುವ ಪ್ರಶ್ನೆಗೆ ಭೌತಶಾಸ್ತ್ರದ ಉತ್ತರವಿಲ್ಲ. ಸವೆದ ತಳವನ್ನೆಲ್ಲ ಕತ್ತರಿಸಿ ಹೊಸ ತಗಡು ಹಾಕಬಹುದು. ತೋಳನ್ನೂ ಪಕ್ಕಗಳನ್ನೂ ಬದಲಿಸಬಹುದು. ಹಾಗೆ ಎಲ್ಲವನ್ನೂ ಬದಲಿಸಿದ ಮೇಲೆ ನಿಂತಿರುವುದು 1943ರ ಬಂಡಿಯೋ, ಇಂದಿನ ಬಂಡಿಗೆ ಅಂಟಿಸಿದ 1943ರ ಫಲಕವೋ? ಪ್ರಾಣದ ಪ್ರಶ್ನೆ ಇರುವಲ್ಲಿ, ಎಂದರೆ ತೋಳು, ಬಳೆ, ಅಚ್ಚು, ಚಕ್ರ, ಸುರಕ್ಷೆಯ ಸರಪಣಿಗಳಲ್ಲಿ, ಹಳತೆಂಬ ಮಮತೆಗೆ ಎಡೆಯಿಲ್ಲ; ಶಂಕೆಯಿದ್ದುದನ್ನು ಬದಲಿಸಲೇಬೇಕು. ಉಳಿದೆಡೆಯಲ್ಲಿ ಕೈ ಬಿಗಿಹಿಡಿಯುವುದು ಲೇಸೆಂದು ನಮಗೆ ತೋರುತ್ತದೆ. ಪಕ್ಕದ ತಗಡಿನ ಒಂದು ತಗ್ಗು, ಯಾರೋ ಸೈನಿಕನೋ ರೈತನೋ ಹಾಕಿದ ಒರಟು ತೇಪೆ, ಉಜ್ಜಿದಾಗ ಬೆಳಕಿಗೆ ಬಂದ ಆ ಅಂಗೈಯಗಲದ ಹಳೆಯ ಬಣ್ಣ ಇವುಗಳನ್ನು ಒಮ್ಮೆ ಅಳಿಸಿದರೆ ಮತ್ತೆ ತರುವಂತಿಲ್ಲ.

ಬಟ್ಲರ್ ಪಟ್ಟಣದಲ್ಲಿ ಇದನ್ನು ಬೆಸೆದವರು ಇದು ಎಂಬತ್ತು ವರ್ಷ ಬಾಳಲೆಂದು ಬೆಸೆದವರಲ್ಲ. ಯುದ್ಧ ಮುಗಿಯುವವರೆಗೆ ನಡೆದರೆ ಸಾಕಿತ್ತು. ಇದನ್ನು ಉಳಿಸಿದ್ದು ಮೇವನ್ನೂ ಗೊಬ್ಬರವನ್ನೂ ಸೌದೆಯನ್ನೂ ಹೊತ್ತ ಅದರ ಎರಡನೆಯ ಬಾಳು. ಹೊಸ ಬಣ್ಣ ಬಳಿಯುವಾಗ ತೊಟ್ಟಿಯ ಒಳಮಗ್ಗುಲಲ್ಲಿ ಆ ರೈತನ ಕೆಂಪು ಬಣ್ಣದ ಒಂದು ತುಣುಕನ್ನಾದರೂ ಹಾಗೆಯೇ ಬಿಟ್ಟರೆ, ಮುಂದೆ ಇದನ್ನು ಬಿಚ್ಚುವವರಿಗೆ ಓದಲು ಒಂದು ಪುಟ ಉಳಿದಿರುತ್ತದೆ.